ವಿಮಾನ ಮಾರ್ಗದ ದೂರ: ಲೆಕ್ಕ ಹಾಕುವ ಕ್ರಮ

ರಫ್ತು ವಹಿವಾಟಿನಲ್ಲಿ ತೂಕ, ಬೆಲೆ, ವಿನಿಮಯ ದರಗಳನ್ನು ಪೈಸೆಯವರೆಗೂ ಪರಿಶೀಲಿಸುವ ವರ್ತಕರು ಸಾಮಾನ್ಯವಾಗಿ ಗಮನಿಸದ ಒಂದು ಅಂಕಿಯೆಂದರೆ ವಿಮಾನ ಮಾರ್ಗದ ದೂರ. ವಿಮಾನ ಸಾಗಣೆಯ ದರವು ದೂರವೊಂದನ್ನೇ ಅವಲಂಬಿಸಿಲ್ಲವೆಂಬುದು ನಿಜ. ಆದರೆ ವಿದೇಶಿ ಖರೀದಿದಾರರು ಸರಕು ಸಾಗಣೆಯಿಂದಾದ ಇಂಗಾಲದ ಹೊರಸೂಸುವಿಕೆಯ ವಿವರ ಕೇಳಿದಾಗ ಟನ್-ಕಿಲೋಮೀಟರ್ ಲೆಕ್ಕವನ್ನು ಒದಗಿಸಬೇಕಾಗುತ್ತದೆ. ಮೂಲದಲ್ಲಿ ದೂರವೇ ತಪ್ಪಿದ್ದರೆ ಉಳಿದ ಲೆಕ್ಕವೆಲ್ಲವೂ ತಪ್ಪುತ್ತದೆ.

ನಕಾಶೆಯ ಗೆರೆ ನಂಬತಕ್ಕದ್ದಲ್ಲ

ಭೂಮಿ ಗೋಳಾಕಾರವಾಗಿರುವುದರಿಂದ ಎರಡು ಸ್ಥಳಗಳ ನಡುವಿನ ಅತಿ ಕಡಿಮೆ ದೂರವು ಗೋಳದ ಮೇಲಿನ ಮಹಾವೃತ್ತದ ಕಂಸವಾಗಿರುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಈ ದೂರ ಸುಮಾರು 14,000 ಕಿ.ಮೀ. ಸಾಮಾನ್ಯ ಗೋಡೆ ನಕಾಶೆಯಲ್ಲಿ ಪೂರ್ವಾಭಿಮುಖವಾಗಿ ನೇರ ಗೆರೆ ಎಳೆದು ಅದರಂತೆಯೇ ಸಾಗಿದರೆ 16,000 ಕಿ.ಮೀ.ಗೂ ಹೆಚ್ಚಾಗುತ್ತದೆ. ಹಾಗೆಂದು ವಿಮಾನಗಳು ಸದಾ ಮಹಾವೃತ್ತವನ್ನೇ ಅನುಸರಿಸುವುದೂ ಇಲ್ಲ. ಇದೇ ಎರಡು ನಗರಗಳ ನಡುವೆ 2021ರ ಜನವರಿಯಲ್ಲಿ ಆರಂಭಗೊಂಡ ಏರ್ ಇಂಡಿಯಾದ ಮೊದಲ ತಡೆರಹಿತ ವಿಮಾನವು ಉತ್ತರ ಧ್ರುವದ ಮೇಲಿನಿಂದ ಬೆಂಗಳೂರಿಗೆ ಬಂದಿತು. ಗಾಳಿಯ ದಿಕ್ಕು, ವಾಯುಪ್ರದೇಶದ ನಿರ್ಬಂಧ ಮೊದಲಾದವುಗಳಿಂದ ಹಾರಿದ ದೂರ ದಿನದಿನಕ್ಕೆ ಬದಲಾಗುತ್ತದೆ. ಆದ್ದರಿಂದಲೇ ಲೆಕ್ಕಪತ್ರಕ್ಕೆ ಸ್ಥಿರವಾದ ಮಹಾವೃತ್ತ ದೂರವೇ ಆಧಾರ.

ಒಂದು ಉದಾಹರಣೆ

ಬೆಂಗಳೂರು ವಿಮಾನ ನಿಲ್ದಾಣದ ಅಕ್ಷಾಂಶ 13 ಡಿಗ್ರಿ 12 ಮಿನಿಟು. ದೆಹಲಿಯದು 28 ಡಿಗ್ರಿ 34 ಮಿನಿಟು. ಎರಡೂ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿರುವುದರಿಂದ ಲೆಕ್ಕ ಸುಲಭ. ಅಕ್ಷಾಂಶಗಳ ವ್ಯತ್ಯಾಸ 15.37 ಡಿಗ್ರಿ. ಒಂದು ಡಿಗ್ರಿಗೆ 111 ಕಿ.ಮೀ.ನಂತೆ 1,706 ಕಿ.ಮೀ. ಆಗುತ್ತದೆ. ಧ್ರುವಗಳಲ್ಲಿ ಭೂಮಿ ತುಸು ಚಪ್ಪಟೆಯಾಗಿರುವುದನ್ನೂ ಪರಿಗಣಿಸಿದರೆ ನಿಖರ ದೂರ ಸುಮಾರು 1,700 ಕಿ.ಮೀ.

ಇಲ್ಲೊಂದು ಎಚ್ಚರಿಕೆ ಅಗತ್ಯ. 13 ಡಿಗ್ರಿ 12 ಮಿನಿಟು ಎಂದರೆ 13.12 ಅಲ್ಲ, 13.20; ಏಕೆಂದರೆ ಒಂದು ಡಿಗ್ರಿಗೆ 60 ಮಿನಿಟು. ಹಾಗೆಯೇ 28 ಡಿಗ್ರಿ 34 ಮಿನಿಟು ಎಂದರೆ 28.57. ಮಿನಿಟುಗಳನ್ನು ದಶಮಾಂಶವೆಂದೇ ನಮೂದಿಸಿದರೆ ಈ ಮಾರ್ಗದಲ್ಲಿ ಸುಮಾರು 17 ಕಿ.ಮೀ. ಕಡಿಮೆ ಬರುತ್ತದೆ. ರೇಖಾಂಶಗಳಲ್ಲಿ ಹೆಚ್ಚು ಅಂತರವಿರುವ ಮಾರ್ಗಗಳಿಗೆ ಹ್ಯಾವರ್‌ಸೈನ್ ಸೂತ್ರವನ್ನು ಸ್ಪ್ರೆಡ್‌ಶೀಟ್‌ನಲ್ಲಿ ಅಳವಡಿಸಬಹುದು. ಆಗ ಡಿಗ್ರಿಗಳನ್ನು ರೇಡಿಯನ್‌ಗೆ ಪರಿವರ್ತಿಸಲು ಮರೆಯಬಾರದು.

ಸರಕಿಗೆ ಅನ್ವಯ

ಸಾಗಣೆಯ ಹೊರಸೂಸುವಿಕೆಗೆ ಸಂಬಂಧಿಸಿದ 2023ರ ಐಎಸ್‌ಒ 14083 ಮಾನಕದಂತೆ ಮಹಾವೃತ್ತ ದೂರಕ್ಕೆ 95 ಕಿ.ಮೀ. ಸೇರಿಸಬೇಕು. ವಿಮಾನವು ಏರುವಾಗ, ಇಳಿಯುವಾಗ ಮತ್ತು ಮಾರ್ಗ ಬದಲಿಸುವಾಗ ಸುತ್ತುವ ದೂರಕ್ಕೆ ಇದು ಹೊಂದಾಣಿಕೆ. ಅದರಂತೆ ಬೆಂಗಳೂರಿನಿಂದ ದೆಹಲಿಗೆ ಕಳುಹಿಸಿದ 2 ಟನ್ ಸರಕಿಗೆ 1,795ನ್ನು 2ರಿಂದ ಗುಣಿಸಿದಾಗ 3,590 ಟನ್-ಕಿ.ಮೀ. ದೊರೆಯುತ್ತದೆ. ಸರಕು ನಡುವೆ ಬೇರೊಂದು ವಿಮಾನಕ್ಕೆ ವರ್ಗವಾದರೆ ಪ್ರತಿ ಹಾರಾಟದ ದೂರವನ್ನು ಪ್ರತ್ಯೇಕವಾಗಿ ಲೆಕ್ಕ ಹಾಕಿ ಕೂಡಿಸಬೇಕು. ಮೊದಲ ಹಾಗೂ ಕೊನೆಯ ನಿಲ್ದಾಣಗಳ ನೇರ ದೂರ ಸಾಲದು.

ಸರಕು ಸಾಗಿದ ಮಾರ್ಗವನ್ನು ಏರ್‌ವೇ ಬಿಲ್ ಹಾಗೂ ಸಾಗಣೆ ಏಜೆಂಟರಿಂದ ಖಚಿತಪಡಿಸಿಕೊಂಡು, ದೂರದ ಲೆಕ್ಕದ ಹಾಳೆಯನ್ನು ಇನ್‌ವಾಯ್ಸ್ ಕಡತದಲ್ಲಿಯೇ ಇರಿಸುವುದು ಒಳ್ಳೆಯ ಪದ್ಧತಿ. ಖರೀದಿದಾರರು ಮುಂದೆ ಪ್ರಶ್ನಿಸಿದಾಗ ಉತ್ತರ ಹುಡುಕುವ ಶ್ರಮ ತಪ್ಪುತ್ತದೆ.