ಸೂತ್ರ ಹೇಳಿದ್ದೊಂದು, ಪರೀಕ್ಷೆ ಕೇಳಿದ್ದೊಂದು

ಸಾಲನ್ನು ಎಲ್ಲಿ ಮುರಿಯಬೇಕೆಂದು ಹಿಂದೆ ಮೊಳೆ ಜೋಡಿಸುವವರು ಕಣ್ಣಳತೆಯಿಂದಲೇ ನಿರ್ಧರಿಸುತ್ತಿದ್ದರು. ಇಂದು ಆ ಹೊಣೆ ಕಂಪ್ಯೂಟರಿನದು. ರೂಪಾಯಿ ಚಿಹ್ನೆ ಒಂದು ಸಾಲಿನ ತುದಿಯಲ್ಲಿ, ಅದರ ಮೊತ್ತ ಮುಂದಿನ ಸಾಲಿನಲ್ಲಿ ಬೀಳದಂತೆ ನೋಡಿಕೊಳ್ಳಲು ಯೂನಿಕೋಡ್ ಒಕ್ಕೂಟ ತನ್ನ ಹದಿನಾಲ್ಕನೆಯ ಅನುಬಂಧದಲ್ಲಿ ನಿಯಮಗಳನ್ನು ವಿಧಿಸಿದೆ. ಅವುಗಳ ಪಾಲನೆಯನ್ನು ಅಳೆಯಲು ಒಂದು ಪರೀಕ್ಷಾ ಕಡತವನ್ನೂ ಕೊಟ್ಟಿದೆ.

ಕೆಲವು ವರ್ಷಗಳ ಹಿಂದೆ ಆ ನಿಯಮಗಳನ್ನು ಅಕ್ಷರಶಃ ಪಾಲಿಸಿ ನಾನೊಂದು ಚಿಕ್ಕ ತಂತ್ರಾಂಶ ಬರೆದೆ. ಕೆಲವು ಪರೀಕ್ಷೆಗಳಲ್ಲಿ ಅದು ನಪಾಸಾಯಿತು. ಎರಡು ರಾತ್ರಿ ನನ್ನ ತಪ್ಪನ್ನೇ ಹುಡುಕಿದೆ. ತೊಡಕಿದ್ದುದು ಸಂಖ್ಯೆಗಳ ಕುರಿತಾದ 25ನೆಯ ನಿಯಮದಲ್ಲಿ. ಮುಚ್ಚುವ ಆವರಣದ ನಂತರ ಶೇಕಡಾ ಚಿಹ್ನೆ ಬಂದರೆ ನಡುವೆ ಮುರಿಯಕೂಡದೆಂದು ನಿಯಮ ಹೇಳುತ್ತಿತ್ತು. ಆವರಣದ ಹಿಂದೆ ಸಂಖ್ಯೆಯೇ ಇಲ್ಲದಿದ್ದರೆ ಮುರಿಯಬಹುದೆಂದು ಪರೀಕ್ಷೆ ಹೇಳುತ್ತಿತ್ತು! ಪರೀಕ್ಷೆ ಅನುಸರಿಸಿದ್ದು ಮೂಲ ನಿಯಮವನ್ನಲ್ಲ, ಅದೇ ದಾಖಲೆಯಲ್ಲಿ ಐಚ್ಛಿಕ ಮಾರ್ಪಾಡಿನ ಉದಾಹರಣೆಯಾಗಿ ಕೊಟ್ಟಿದ್ದ ಇನ್ನೊಂದು ಸೂತ್ರವನ್ನು. ಹಾಗೆಂದು ಒಂದು ಟಿಪ್ಪಣಿಯೂ ಅಲ್ಲಿತ್ತು. ಆತುರದಲ್ಲಿ ಅದನ್ನು ಓದದಿದ್ದುದು ನನ್ನ ತಪ್ಪು.

ಆದರೂ ಪ್ರಶ್ನೆ ಉಳಿಯುತ್ತದೆ. ಪಠ್ಯಪುಸ್ತಕ ಒಂದನ್ನು ಕಲಿಸಿ, ಮಾದರಿ ಉತ್ತರ ಇನ್ನೊಂದನ್ನು ಬಯಸಿದರೆ ವಿದ್ಯಾರ್ಥಿ ಯಾವುದನ್ನು ನಂಬಬೇಕು? ಅಂಕ ಬೇಕಾದವನು ಮಾದರಿ ಉತ್ತರಕ್ಕೇ ಶರಣಾಗುತ್ತಾನೆ. ತಂತ್ರಾಂಶ ಲೋಕದಲ್ಲೂ ಆದದ್ದು ಅದೇ. 2024ರ ಸೆಪ್ಟೆಂಬರ್‌ನಲ್ಲಿ ಬಂದ ಯೂನಿಕೋಡಿನ 16ನೆಯ ಆವೃತ್ತಿ ನಿಯಮವನ್ನೇ ಬದಲಿಸಿ ಪರೀಕ್ಷೆಯ ಹಾದಿಗೆ ತಂದಿತು. ಪರೀಕ್ಷೆಯ ಸೂತ್ರ ಹೆಚ್ಚು ವಿವೇಚನೆಯುಳ್ಳದ್ದೇ ಆಗಿತ್ತಾದ್ದರಿಂದ ತಿದ್ದುಪಡಿ ಸರಿಯೇ. ಆದರೆ ಬರೆದ ನಿಯಮಕ್ಕಿಂತ ಉದಾಹರಣೆಗಳ ಕಡತಕ್ಕೇ ಬಲ ಹೆಚ್ಚೆಂಬುದನ್ನು ಅದು ತೋರಿಸಿಕೊಟ್ಟಿತು.

ಇದು ಕನ್ನಡಿಗರಿಗೂ ಸಂಬಂಧಿಸಿದ ಮಾತು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡ ಯೂನಿಕೋಡಿನಲ್ಲಿದೆ. ನಮ್ಮ ಒತ್ತಕ್ಷರಗಳು ಸಾಲಿನ ತುದಿಯಲ್ಲಿ ಒಡೆದುಹೋಗದೆ ಉಳಿದಿರುವುದು ಇಂಥ ನಿಯಮಗಳ ದಯೆಯಿಂದಲೇ. ಆದರೆ ನಿಯಮವಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲ. ಅದನ್ನು ಒರೆಗೆ ಹಚ್ಚುವ ಉದಾಹರಣೆ ಇಲ್ಲದಿದ್ದರೆ, ತಪ್ಪಾದಾಗ ಎಚ್ಚರಿಸುವವರೇ ಇರುವುದಿಲ್ಲ. ಹೊಸ ಆವೃತ್ತಿಗಳ ಕರಡಿನ ಮೇಲೆ ಒಕ್ಕೂಟ ಸಾರ್ವಜನಿಕರ ಅಭಿಪ್ರಾಯವನ್ನು ಕೇಳುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ತಂತ್ರಜ್ಞರೂ ಜೊತೆಗೂಡಿ ಕನ್ನಡದ ಸಂಖ್ಯೆ, ಸಂಕ್ಷೇಪ, ಸಮಾಸಗಳ ಉದಾಹರಣೆಗಳನ್ನು ಸಿದ್ಧಪಡಿಸಿ ಕೊಡಬಾರದೇಕೆ? ಪ್ರಶ್ನೆಪತ್ರಿಕೆಯನ್ನು ಇತರರ ಕೈಗೊಪ್ಪಿಸಿ, ಫಲಿತಾಂಶ ಬಂದ ಮೇಲೆ ಗೊಣಗುವುದರಲ್ಲಿ ಅರ್ಥವಿಲ್ಲ.