ಬಾಯಿ ಬಿಡದ ಸಿಡಿ ಪ್ಲೇಯರ್

ಈ ಸಲ ಕೀಬೋರ್ಡ್ ಬದಿಗಿಟ್ಟು ಸ್ಕ್ರೂಡ್ರೈವರ್ ಹಿಡಿದ ಕಥೆ ಹೇಳುತ್ತೇನೆ.

ನನ್ನ ಅಜ್ಜಿಯ ಹಸೆ ಹಾಡುಗಳನ್ನು 2006ರಲ್ಲಿ ಸೋದರಮಾವ ರೆಕಾರ್ಡ್ ಮಾಡಿ ಸಿಡಿಗೆ ಹಾಕಿಸಿದ್ದರು. ಅಜ್ಜಿ ಈಗಿಲ್ಲ. ಉಳಿದಿರುವುದು ಅದೊಂದೇ ಸಿಡಿ, ಅದೂ ನನ್ನ ಜೊತೆ ಹ್ಯಾನೋವರ್‌ಗೆ ಬಂದುಬಿಟ್ಟಿದೆ. ತಂಗಿಯ ಮದುವೆ ನಿಶ್ಚಯವಾದಾಗ ಅಮ್ಮ ಫೋನಿನಲ್ಲಿ, "ಅಜ್ಜಿ ಹಾಡು ಕಳಿಸೋ, ಹಸೆಗೆ ಕೂರಿಸುವಾಗ ಹಾಕೋಣ" ಎಂದರು.

ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಹತ್ತು ಯೂರೋಗೆ ತಂದಿದ್ದ ಪ್ಲೇಯರಿಗೆ ಹಾಕಿ ಕೇಳೋಣವೆಂದು ಹೊರಟೆ. ಟ್ರೇ ಒಳಗೆ ಹೋಯಿತು, "ನೋ ಡಿಸ್ಕ್" ಎಂದಿತು, ಆಮೇಲೆ ಹೊರಗೆ ಬರಲೇ ಇಲ್ಲ. ಗುಂಡಿ ಒತ್ತಿದರೆ ಕುಂಯ್ ಎನ್ನುವ ಸದ್ದು ಮಾತ್ರ! "ಚಾಕು ಹಾಕಿ ಮೀಟಿ ನೋಡಿ" ಎಂದಳು ಹೆಂಡತಿ. ಸದ್ಯ, ಹಾಗೆ ಮಾಡಲಿಲ್ಲ.

ಈ ಸಿಡಿಯ ತವರು ನಮ್ಮ ಪಕ್ಕದಲ್ಲೇ ಇದೆ. ನಾವು ಊರಿಗೆ ಹೊರಡುವಾಗ ವಿಮಾನ ಹತ್ತುವ ಲಾಂಗನ್‌ಹಾಗನ್‌ನ ಪಾಲಿಗ್ರಾಂ ಕಾರ್ಖಾನೆಯಲ್ಲಿ 1982ರ ಆಗಸ್ಟ್ 17ರಂದು ಮಾರಾಟದ ಮೊದಲ ಸಿಡಿಗಳು ಅಚ್ಚಾದವು. ಅಕ್ಟೋಬರ್ 1ರಂದು ಜಪಾನಿನಲ್ಲಿ ಸೋನಿ ಸಿಡಿಪಿ-101 ಪ್ಲೇಯರ್ ಬಂತು. ಅದಕ್ಕೆ ಮುಂದಿನಿಂದ ಬರುವ ಟ್ರೇ. ಫಿಲಿಪ್ಸ್‌ನ ಸಿಡಿ100ಕ್ಕೆ ಮೇಲೆ ತೆರೆಯುವ ಮುಚ್ಚಳ. ಸಿಡಿಯನ್ನು ಒಳಗೆ ಬಿಡುವ ದಾರಿ ಮೊದಲಿನಿಂದಲೂ ಒಂದೇ ಅಲ್ಲ.

ಮುಚ್ಚಳದ್ದು ಸರಳ, ಕೆಡಲು ಮೋಟರೇ ಇಲ್ಲ. ಆದರೆ ತೆರೆದಾಗಲೆಲ್ಲ ಲೆನ್ಸ್ ಮೇಲೆ ಧೂಳು. ಕಾರಿನಲ್ಲಿರುವುದು ಸೀಳುಬಾಯಿಯ ಸ್ಲಾಟ್. ರಬ್ಬರ್ ಉರುಳೆಗಳು ಸಿಡಿಯನ್ನು ಒಳಗೆ ಎಳೆದುಕೊಳ್ಳುತ್ತವೆ. 8 ಸೆಂಟಿಮೀಟರಿನ ಪುಟ್ಟ ಸಿಡಿ ಹಾಕಿದರೆ ಎಷ್ಟೋ ಸ್ಲಾಟುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ನಾಲ್ಕಾರು ಸಿಡಿ ನುಂಗುವ ಚೇಂಜರ್‌ಗಳೂ ಇದ್ದವು.

ನನ್ನದು ಟ್ರೇ. ಅದರ ಮೋಟರಿಗೂ ಹಲ್ಲುಚಕ್ರಕ್ಕೂ ನಡುವೆ ಬಳೆಯಂಥ ಒಂದು ರಬ್ಬರ್ ಬೆಲ್ಟ್. ಟ್ರೇ ಒಳಗೆ ಬಂದ ಮೇಲೆ ಅದೇ ಮೋಟರ್ ಲೇಸರ್ ಇರುವ ಚೌಕಟ್ಟನ್ನು ಮೇಲೆತ್ತುತ್ತದೆ. ಮೇಲಿನ ಅಯಸ್ಕಾಂತದ ಬಿಲ್ಲೆ ಸಿಡಿಯನ್ನು ಒತ್ತಿ ಹಿಡಿಯುತ್ತದೆ. ಆಮೇಲೆ ಕಣ್ಣಿಗೆ ಕಾಣದ 780 ನ್ಯಾನೋಮೀಟರ್ ಬೆಳಕು ಸಿಡಿಯನ್ನು ಓದತೊಡಗುತ್ತದೆ, ಗ್ರಾಮಫೋನ್ ತಟ್ಟೆಯ ಹಾಗೆ ಹೊರಗಿನಿಂದಲ್ಲ, ಒಳಗಿನಿಂದ ಹೊರಕ್ಕೆ. ಸುತ್ತಿನಿಂದ ಸುತ್ತಿಗೆ ಅಂತರ ಬರೀ 1.6 ಮೈಕ್ರೋಮೀಟರ್. ಬೆಳಕಿನ ಮುಂದೆ ಹಾದುಹೋಗುವ ವೇಗ ಒಂದೇ ಇರಬೇಕಾದ್ದರಿಂದ ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತು, ಅಂಚಿಗೆ ಬರುವಾಗ 200.

ನನ್ನ ಬೆಲ್ಟ್ ಹಳೇ ಚಡ್ಡಿಯ ಎಲಾಸ್ಟಿಕ್ಕಿನಂತೆ ಸಡಿಲವಾಗಿತ್ತು. ಚೌಕಟ್ಟು ಪೂರ್ತಿ ಮೇಲೇಳಲಿಲ್ಲ, ಹಾಗಾಗಿ "ನೋ ಡಿಸ್ಕ್". ಟ್ರೇ ಹೊರಗೆ ತಳ್ಳಲೂ ಶಕ್ತಿಯಿಲ್ಲ. ಪ್ಲಗ್ ಕಿತ್ತು, ಮುಚ್ಚಳ ಬಿಚ್ಚಿ, ಹಲ್ಲುಚಕ್ರವನ್ನು ಬೆರಳಿನಿಂದ ಮೆಲ್ಲಗೆ ತಿರುಗಿಸಿದೆ. ಅಜ್ಜಿಯ ಸಿಡಿ ಕ್ಷೇಮವಾಗಿ ಹೊರಬಂತು. ಹೊಸ ಬೆಲ್ಟಿಗೆ ಎರಡು ಯೂರೋ.

ಮರುವಾರ ಅಜ್ಜಿ ಹಾಡಿದರು. ನಾಲ್ಕು ಹಾಡು ಸೊಗಸಾಗಿ ಬಂದವು; ಐದನೆಯದು ನಡುವೆ ತೊದಲಿ ನಿಂತಿತು. ಸಿಡಿಯನ್ನು ಬೆಳಕಿಗೆ ಹಿಡಿದಾಗ ಕಾರಣ ತಿಳಿಯಿತು. ಮಾವ ಮೇಲ್ಭಾಗದಲ್ಲಿ ಬಾಲ್‌ಪೆನ್ನಿನಿಂದ ಒತ್ತಿ "ಅಮ್ಮನ ಹಾಡುಗಳು" ಎಂದು ಬರೆದಿದ್ದರು. ನಾವು ಕೆಳಗಿನ ಗೀಚಿಗೆ ಹೆದರುತ್ತೇವೆ, ಆದರೆ ಅಲ್ಲಿ 1.2 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಕಾಪಾಡುತ್ತದೆ. ಮಾಹಿತಿಯ ಪದರ ಇರುವುದು ಹೆಸರು ಬರೆಯುವ ಬದಿಗೆ, ತೆಳು ಲೇಪನದ ಅಡಿಯಲ್ಲೇ! ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರ್ ಹಾಳಾದರೂ ಪ್ಲೇಯರ್ ಲೆಕ್ಕ ಹಾಕಿ ಸರಿಪಡಿಸಿಕೊಳ್ಳುತ್ತದೆ. ಮಾವನ ಅಕ್ಷರಗಳು ಅದಕ್ಕಿಂತ ದೊಡ್ಡವು.

ಮಾವನಿಗೆ ಇದನ್ನು ಹೇಳಲು ಮನಸ್ಸು ಬರಲಿಲ್ಲ. ಗೆಳೆಯರೊಬ್ಬರ ಯುಎಸ್‌ಬಿ ಡ್ರೈವ್ ತಂದು, ಬಂದಷ್ಟನ್ನೂ ನಕಲು ಮಾಡಿ ಅಮ್ಮನಿಗೆ ಕಳಿಸಿದೆ. ಐದನೇ ಹಾಡಿನ ಉಳಿದ ಸಾಲುಗಳು ದೊಡ್ಡಮ್ಮನಿಗೆ ಬರುತ್ತವಂತೆ. ಮದುವೆಗೆ ಹೋದಾಗ ಅವರಿಂದ ಹಾಡಿಸಬೇಕು.

ನಿಮ್ಮ ಸೂಟ್‌ಕೇಸಿನ ತಳದಲ್ಲೂ ಇಂಥದ್ದೊಂದು ಸಿಡಿ ಇರಬಹುದು. ಪ್ಲೇಯರ್ ಕೆಟ್ಟರೆ ಬೆಲ್ಟ್ ಸಿಗುತ್ತದೆ. ಅಜ್ಜಿಯ ದನಿಗೆ ಬಿಡಿಭಾಗ ಸಿಗುವುದಿಲ್ಲ. ಈ ಶನಿವಾರವೇ ಹುಡುಕಿ, ನಕಲು ಮಾಡಿಡಿ.