ಲಿನಕ್ಸ್‌ನಲ್ಲಿ ಡಿಲೀಟ್ ಆದ ಆಟ: ಏನು ಸಿಗುತ್ತದೆ, ಏನು ಸಿಗುವುದಿಲ್ಲ

ಆಟದ ಫೈಲುಗಳು ಕೈತಪ್ಪಿ ಡಿಲೀಟ್ ಆದಾಗ ಮೊದಲು ನೋಡಬೇಕಾದ್ದು, ಹೋಗಿದ್ದು ಆಟವೋ ಅಥವಾ ಆಡಿ ಉಳಿಸಿದ್ದೋ ಎಂಬುದನ್ನು. ಆಟವೇ ಹೋಗಿದ್ದರೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಸ್ಟೀಮ್‌ನಿಂದ ಹಾಕಿಕೊಂಡಿದ್ದರೆ, ಆ ಆಟದ ಪ್ರಾಪರ್ಟೀಸ್‌ನಲ್ಲಿ ಫೈಲುಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಆಯ್ಕೆಯಿದೆ. ಅದನ್ನು ಒತ್ತಿದರೆ ಇಲ್ಲದ ಫೈಲುಗಳನ್ನಷ್ಟೇ ಮತ್ತೆ ಇಳಿಸಿಕೊಳ್ಳುತ್ತದೆ. ಉಬುಂಟು ಅಥವಾ ಲಿನಕ್ಸ್ ಮಿಂಟ್‌ನ ಸಾಫ್ಟ್‌ವೇರ್ ಆ್ಯಪ್‌ನಿಂದ ಬಂದಿದ್ದರೆ ಇನ್ನೊಮ್ಮೆ ಇನ್‌ಸ್ಟಾಲ್ ಮಾಡಿದರಾಯಿತು. ಆದರೆ ಆಡಿ ಉಳಿಸಿದ ಸೇವ್ ಫೈಲು ಹಾಗಲ್ಲ. ಹೆಚ್ಚಿನ ಸಲ ಅದು ಇದ್ದದ್ದು ನಿಮ್ಮ ಡಿಸ್ಕಿನಲ್ಲಿ ಮಾತ್ರ, ಬೇರಾವ ಸರ್ವರಿನಲ್ಲೂ ಅದರ ಪ್ರತಿ ಇರುವುದಿಲ್ಲ.

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಲ್ಲಿರುವ ನನ್ನ ಅಕ್ಕನ ಮಗಳಿಗೆ ಆದದ್ದು ಇದೇ. ಅವಳ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್ ಇದೆ, ಅದರಲ್ಲಿ ಲುವಾಂಟಿ ಇದೆ. 2010ರಲ್ಲಿ ಫಿನ್ಲೆಂಡಿನ ಪೆರ್ಟು ಅಹೋಲಾ ಮೈನ್‌ಟೆಸ್ಟ್ ಎಂಬ ಹೆಸರಿನಲ್ಲಿ ಶುರು ಮಾಡಿದ, 2024ರಲ್ಲಿ ಲುವಾಂಟಿ ಎಂದು ಹೆಸರು ಬದಲಿಸಿಕೊಂಡ ಉಚಿತ ತಂತ್ರಾಂಶ ಅದು. ಚೌಕ ಚೌಕ ಬ್ಲಾಕುಗಳನ್ನಿಟ್ಟು ಏನು ಬೇಕಾದರೂ ಕಟ್ಟಬಹುದು. ರಜೆಯಲ್ಲೆಲ್ಲ ಕೂತು ಅವಳು ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ನಕ್ಷತ್ರಾಕಾರದ ಜಗತಿಯನ್ನು ಕಟ್ಟಿದ್ದಳು. ಚೌಕದ ಬ್ಲಾಕುಗಳಲ್ಲಿ ಆ ಮೂಲೆ ಮೂಲೆಗಳನ್ನು ತರುವುದು ಎಷ್ಟು ಕಷ್ಟ ಎಂಬುದು ಕಟ್ಟಿ ನೋಡಿದವರಿಗೇ ಗೊತ್ತು. ಮೆನುವಿನಲ್ಲಿ 'ಹಳೇಬೀಡು', 'ಹಳೇಬೀಡು 2' ಎಂದು ಎರಡು ಲೋಕಗಳಿದ್ದವು. ಅಳಿಸಬೇಕಾದ್ದು ಎರಡನೆಯದು, ಅಳಿಸಿದ್ದು ಮೊದಲನೆಯದು. "ಮಾಮ, ಕಸದ ಬುಟ್ಟಿಲೂ ಇಲ್ಲ," ಎಂದು ಫೋನಿನಲ್ಲಿ ಹೇಳಿದಳು.

ಇರುವುದಿಲ್ಲ. ಫೈಲ್ ಮ್ಯಾನೇಜರಿನಲ್ಲಿ ಡಿಲೀಟ್ ಒತ್ತಿದರೆ ಫೈಲು ಟ್ರ್ಯಾಶ್‌ಗೆ ಹೋಗುತ್ತದೆ. ಶಿಫ್ಟ್ ಜೊತೆ ಡಿಲೀಟ್ ಒತ್ತಿದರೆ, ಟರ್ಮಿನಲ್‌ನಲ್ಲಿ ಆರ್‌ಎಂ ಆದೇಶ ಕೊಟ್ಟರೆ, ಆಟದ ಒಳಗಿನ ಡಿಲೀಟ್ ಗುಂಡಿ ಒತ್ತಿದರೆ ಸಾಮಾನ್ಯವಾಗಿ ಟ್ರ್ಯಾಶ್ ದಾರಿಯಲ್ಲೇ ಸಿಗುವುದಿಲ್ಲ. ಹಾಗಂತ ಟ್ರ್ಯಾಶ್ ನೋಡದೆ ಬಿಡಬೇಡಿ. ಮಕ್ಕಳು ಚಿತ್ರ ಬಿಡಿಸುವ ಟಕ್ಸ್ ಪೇಂಟ್‌ನಲ್ಲಿ ಅಳಿಸಿದ ಚಿತ್ರ ಲಿನಕ್ಸ್‌ನಲ್ಲಿ ನೇರ ಟ್ರ್ಯಾಶ್‌ಗೇ ಹೋಗುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಕಲಿಯುವುದೇ ಕೇರಳದ ಕೈಟ್ ಸಂಸ್ಥೆಯ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ, ಹಾಗಾಗಿ ಅಲ್ಲಿನ ಮೇಷ್ಟ್ರುಗಳಿಗೆ ಇದು ಗೊತ್ತಿದ್ದರೆ ಒಂದಷ್ಟು ಕಣ್ಣೀರು ತಪ್ಪುತ್ತದೆ. ಪೆನ್‌ಡ್ರೈವ್‌ನಿಂದ ಅಳಿಸಿದ ಫೈಲು ಆ ಪೆನ್‌ಡ್ರೈವ್‌ನಲ್ಲೇ ಇರುವ, ಚುಕ್ಕೆಯಿಂದ ಶುರುವಾಗುವ ಬೇರೊಂದು ಟ್ರ್ಯಾಶ್ ಫೋಲ್ಡರಿಗೆ ಹೋಗಿರುತ್ತದೆ. ಇಂಥ ಚುಕ್ಕೆ ಫೋಲ್ಡರುಗಳು ಕಣ್ಣಿಗೆ ಬೀಳಬೇಕಾದರೆ ಫೈಲ್ ಮ್ಯಾನೇಜರಿನಲ್ಲಿ ಕಂಟ್ರೋಲ್ ಮತ್ತು ಎಚ್ ಒಟ್ಟಿಗೆ ಒತ್ತಬೇಕು.

ಈಗ, ಡಿಲೀಟ್ ಎಂದರೆ ಡಿಸ್ಕಿನಲ್ಲಿ ನಿಜವಾಗಿ ಆಗುವುದೇನು ಎಂಬ ಮಾತು. ಫೋಲ್ಡರು ಎಂಬುದು ಹೆಸರುಗಳ ಪಟ್ಟಿ. ಪ್ರತಿ ಹೆಸರಿನ ಎದುರು ಐನೋಡ್ ಎಂಬ ದಾಖಲೆಯ ನಂಬರ್ ಇರುತ್ತದೆ. ಫೈಲು ಎಷ್ಟು ದೊಡ್ಡದು, ಡಿಸ್ಕಿನ ಯಾವ ಯಾವ ಜಾಗದಲ್ಲಿದೆ ಎಂಬುದೆಲ್ಲ ಆ ಐನೋಡ್‌ನಲ್ಲಿ. ಡಿಲೀಟ್ ಮಾಡಿದಾಗ ಪಟ್ಟಿಯಿಂದ ಹೆಸರು ಹೋಗುತ್ತದೆ, ಐನೋಡ್ ಬಿಡುಗಡೆಯಾಗುತ್ತದೆ, ಆ ಜಾಗ ಖಾಲಿ ಎಂದು ಗುರುತಾಗುತ್ತದೆ. ಒಳಗಿನ ಮಾಹಿತಿಯನ್ನು ಆಗ ಯಾರೂ ಮುಟ್ಟುವುದಿಲ್ಲ. ಪಹಣಿಯಲ್ಲಿ ಹೆಸರು ತೆಗೆದ ಮಾತ್ರಕ್ಕೆ ಹೊಲದಲ್ಲಿರುವ ಬೆಳೆ ಮಾಯವಾಗುವುದಿಲ್ಲವಷ್ಟೆ. ಬೇರೆಯವರು ಬಂದು ಉಳುವ ತನಕ ಅದು ಅಲ್ಲೇ ಇರುತ್ತದೆ.

ಉಳುವವರು ಯಾರು ಎಂದರೆ ಬ್ರೌಸರು, ಅಪ್‌ಡೇಟು, ವಾಟ್ಸ್ಆ್ಯಪ್ ವೆಬ್‌ನಿಂದ ಇಳಿಯುವ ಫೋಟೊ, ಕೊನೆಗೆ ಫೈಲು ಹುಡುಕಿಕೊಡಲೆಂದು ನೀವೇ ಇನ್‌ಸ್ಟಾಲ್ ಮಾಡುವ ತಂತ್ರಾಂಶ. ಆದ್ದರಿಂದ ಟ್ರ್ಯಾಶ್‌ನಲ್ಲಿ ಸಿಗದಿದ್ದರೆ ಬೇರೇನನ್ನೂ ಹುಡುಕಲು ಹೋಗಬೇಡಿ. ಆಟ ಈಗ ನಡೆಯುತ್ತಿಲ್ಲವಾದರೆ ಲ್ಯಾಪ್‌ಟಾಪ್ ಶಟ್‌ಡೌನ್ ಮಾಡಿ, ಮುಂದಿನದನ್ನು ಫೋನಿನಲ್ಲಿ ಓದಿ. ಆಟ ಇನ್ನೂ ತೆರೆದಿದ್ದರೆ ಮಾತ್ರ ಬೇರೆ ದಾರಿ. ಯಾವುದಾದರೂ ಪ್ರೋಗ್ರಾಮ್ ಫೈಲನ್ನು ಹಿಡಿದುಕೊಂಡಿರುವ ತನಕ ಹೆಸರು ಹೋದರೂ ಲಿನಕ್ಸ್ ಆ ಜಾಗವನ್ನು ಬಿಟ್ಟುಕೊಡುವುದಿಲ್ಲ. ಎಲ್‌ಎಸ್‌ಒಎಫ್ ಎಂಬ ಆದೇಶ ಇಂಥ ಹೆಸರಿಲ್ಲದ ಫೈಲುಗಳನ್ನು ತೋರಿಸುತ್ತದೆ. ಪ್ರಾಕ್ ಫೋಲ್ಡರಿನಲ್ಲಿ ಆ ಪ್ರೋಗ್ರಾಮಿನ ನಂಬರಿನ ಒಳಗೆ, ಎಫ್‌ಡಿ ಎಂಬಲ್ಲಿಂದ ಅದನ್ನು ನಕಲು ಮಾಡಿಕೊಳ್ಳಬಹುದು. ಆಟ ಮುಚ್ಚಿದಿರೋ, ಆ ಬಾಗಿಲೂ ಮುಚ್ಚಿತು. ಲುವಾಂಟಿಯ ಮೆನುವಿನಲ್ಲಿ ಅಳಿಸುವಾಗ ಲೋಕ ತೆರೆದೇ ಇರುವುದಿಲ್ಲವಾದ್ದರಿಂದ ಮಾದಿಹಳ್ಳಿಯಲ್ಲಿ ಇದು ಉಪಯೋಗಕ್ಕೆ ಬರಲಿಲ್ಲ.

ಸ್ಟೀಮ್ ಆಟವಾದರೆ ಮೊದಲು ಇಂಟರ್ನೆಟ್ ಕಡಿಯಿರಿ. ಸ್ಟೀಮ್ ಕ್ಲೌಡ್ ಇರುವ ಆಟಗಳ ಸೇವ್ ಫೈಲು ಅವರ ಸರ್ವರಿನಲ್ಲೂ ಇರುತ್ತದೆ, ಆದರೆ ಇಲ್ಲಿ ಅಳಿಸಿದ್ದನ್ನು ನೋಡಿ ಅಲ್ಲಿಯೂ ಅಳಿಸಿಬಿಡುವ ಅಪಾಯ ಇದೆ. ಬೇರೆ ಸಾಧನದ ಬ್ರೌಸರಿನಲ್ಲಿ ನಿಮ್ಮ ಸ್ಟೀಮ್ ಖಾತೆಗೆ ಹೋಗಿ ಕ್ಲೌಡ್ ಪುಟದಿಂದ ಫೈಲನ್ನು ಮೊದಲು ಇಳಿಸಿಟ್ಟುಕೊಳ್ಳಿ.

ಇನ್ನು ಡಿಸ್ಕ್ ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ತಿರುಗುವ ಹಳೆಯ ಹಾರ್ಡ್ ಡಿಸ್ಕ್ ಆದರೆ ಆಸೆ ಇಟ್ಟುಕೊಳ್ಳಬಹುದು. ಎಸ್‌ಎಸ್‌ಡಿ ಆದರೆ ಕಷ್ಟ, ಕಾರಣ ಟ್ರಿಮ್. ಯಾವ ಜಾಗ ಖಾಲಿಯಾಗಿದೆ ಎಂದು ಲಿನಕ್ಸ್ ಆಗಾಗ ಎಸ್‌ಎಸ್‌ಡಿಗೆ ತಿಳಿಸುತ್ತದೆ, ತಿಳಿಸಿದ ಮೇಲೆ ಆ ಜಾಗವನ್ನು ಓದಿದರೆ ಬಹುತೇಕ ಸೊನ್ನೆಗಳೇ ಸಿಗುತ್ತವೆ. ಉಬುಂಟು, ಮಿಂಟ್‌ಗಳಲ್ಲಿ ಇದು ವಾರಕ್ಕೊಮ್ಮೆ, ಭಾನುವಾರ ಕಳೆದು ಸೋಮವಾರ ಶುರುವಾಗುವ ಹೊತ್ತಿಗೆ ನಡೆಯುವ ಕೆಲಸ. ಆಗ ಲ್ಯಾಪ್‌ಟಾಪ್ ಆಫ್ ಆಗಿದ್ದರೆ ತಪ್ಪಿತು ಎಂದುಕೊಳ್ಳಬೇಡಿ, ಮುಂದಿನ ಸಲ ಆನ್ ಮಾಡಿದಾಗ ಬಾಕಿ ಕೆಲಸ ಮುಗಿಸುತ್ತದೆ. ಗುರುವಾರ ಡಿಲೀಟ್ ಮಾಡಿ, ಮಂಗಳವಾರ ರಿಪೇರಿಯವರ ಹತ್ತಿರ ಒಯ್ದು ಸ್ವಿಚ್ ಹಾಕಿಸಿದರೆ ಇದ್ದದ್ದೂ ಹೋಗುವುದು ಹೀಗೆ. ಅದಕ್ಕೇ ಆ ಡಿಸ್ಕಿನಿಂದ ಬೂಟ್ ಮಾಡದೆ, ಲಿನಕ್ಸ್ ತುಂಬಿದ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಬೇಕು ಎನ್ನುವುದು.

ಅಕ್ಕನ ಮಗಳ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕಿನದು. ಮಿಂಟ್‌ನ ಲೈವ್ ಪೆನ್‌ಡ್ರೈವ್ ಹಾಕಿ ಬೂಟ್ ಮಾಡಿ, ಫೋನಿನಿಂದ ಯುಎಸ್‌ಬಿ ಟೆದರಿಂಗ್ ಕೊಟ್ಟು, ಟೆಸ್ಟ್‌ಡಿಸ್ಕ್ ಎಂಬ ಪ್ಯಾಕೇಜನ್ನು ಹಾಕಿಕೊಂಡೆವು. ಲೈವ್‌ನಲ್ಲಿ ಇನ್‌ಸ್ಟಾಲ್ ಮಾಡಿದ್ದು ರ‍್ಯಾಮ್‌ನಲ್ಲಿ ಕೂರುತ್ತದೆ, ಡಿಸ್ಕನ್ನು ಮುಟ್ಟುವುದಿಲ್ಲ. ಆಮೇಲೆ 'ಡಿಸ್ಕ್ಸ್' ಎಂಬ ಆ್ಯಪ್‌ನಲ್ಲಿ, ಅಳಿಸಿದ ಲೋಕ ಇದ್ದ ಪಾರ್ಟಿಷನ್‌ನ ಪೂರ್ತಿ ಇಮೇಜ್ ತೆಗೆದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇಟ್ಟೆವು. ಇದಕ್ಕೆ ಪಾರ್ಟಿಷನ್‌ನಷ್ಟೇ ಜಾಗ ಬೇಕು, ಹೊತ್ತೂ ಹಿಡಿಯುತ್ತದೆ, ನಡುವೆ ಕರೆಂಟು ಹೋಗುವ ಊರಾದರೆ ಬ್ಯಾಟರಿ ತುಂಬಿಸಿಕೊಂಡೇ ಕೂರಬೇಕು. ಆದರೂ ಈ ಹೆಜ್ಜೆ ಬಿಡಬಾರದು. ಮುಂದೆ ಮಾಡುವ ಪ್ರಯೋಗವೆಲ್ಲ ನಕಲಿನ ಮೇಲೆ ನಡೆಯುತ್ತದೆ, ಮೂಲ ಇದ್ದ ಹಾಗೇ ಇರುತ್ತದೆ. ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್ ಆದರೆ ಮೊದಲು ಪಾಸ್‌ವರ್ಡ್ ಕೊಟ್ಟು ತೆರೆದು, ತೆರೆದ ಭಾಗದ ಇಮೇಜ್ ತೆಗೆಯಬೇಕು.

ಹೆಸರು ಸಮೇತ ಫೈಲನ್ನು ವಾಪಸ್ ತರುವುದು ಎಕ್ಸ್ಟ್4ನಲ್ಲಿ ಸುಲಭವಲ್ಲ. ಹೆಚ್ಚಿನ ಲಿನಕ್ಸ್‌ಗಳು ಬಳಸುವ ಫೈಲ್ ಸಿಸ್ಟಮ್ ಅದೇ. ಡಿಲೀಟ್ ಆಗುವಾಗ ಐನೋಡ್‌ನಲ್ಲಿದ್ದ ಜಾಗದ ವಿವರವನ್ನು ಅದು ಅಳಿಸಿಬಿಡುತ್ತದೆ. ಹಳೆಯ ಎಕ್ಸ್ಟ್2 ಹಾಗೆ ಮಾಡುತ್ತಿರಲಿಲ್ಲ. ಆದರೆ ಎಕ್ಸ್ಟ್4ನ ಜರ್ನಲ್ ಎಂಬ ದಿನಚರಿಯಲ್ಲಿ ಐನೋಡ್‌ನ ಹಳೆಯ ಪ್ರತಿ ಸ್ವಲ್ಪ ಕಾಲ ಉಳಿದಿರುತ್ತದೆ. ಎಕ್ಸ್ಟ್‌ಅನ್‌ಡಿಲೀಟ್, ಎಕ್ಸ್ಟ್4ಮ್ಯಾಜಿಕ್ ಎಂಬ ಸಾಧನಗಳು ಅದನ್ನೇ ಹುಡುಕುತ್ತವೆ. ಇವು ವರ್ಷಗಳಿಂದ ಹೊಸತಾಗಿಲ್ಲ, ಜರ್ನಲ್ ಕೂಡ ಬೇಗ ತುಂಬಿ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಇಮೇಜ್ ಮೇಲೆ ಒಮ್ಮೆ ಓಡಿಸಿ ನೋಡಿ, ನೆಚ್ಚಿಕೊಂಡು ಕೂರಬೇಡಿ.

ಹೆಚ್ಚು ನಂಬಬಹುದಾದ್ದು ಟೆಸ್ಟ್‌ಡಿಸ್ಕ್ ಜೊತೆಗೇ ಬರುವ ಫೋಟೊರೆಕ್. ಕ್ರಿಸ್ಟೋಫ್ ಗ್ರೆನಿಯೆ ಬರೆದ ಈ ಸಾಧನ ಫೋಲ್ಡರು, ಹೆಸರು, ಐನೋಡ್ ಯಾವುದನ್ನೂ ಕೇಳುವುದಿಲ್ಲ. ಡಿಸ್ಕನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾ, ಫೈಲುಗಳು ಶುರುವಾಗುವ ಗುರುತಿನ ಅಕ್ಷರಗಳನ್ನು ಹುಡುಕುತ್ತದೆ. ಲುವಾಂಟಿ ಲೋಕದ ಫೋಲ್ಡರಿನಲ್ಲಿ ನಾಲ್ಕಾರು ಫೈಲುಗಳಿರುತ್ತವೆ. ಕಟ್ಟಿದ್ದೆಲ್ಲ ಇರುವುದು 'ಮ್ಯಾಪ್' ಎಂಬ ಒಂದರಲ್ಲಿ. ಅದು ಎಸ್‌ಕ್ಯೂಲೈಟ್ ಡೇಟಾಬೇಸ್. ಅಂಥ ಪ್ರತಿ ಫೈಲಿನ ಮೊದಲ 16 ಬೈಟ್‌ಗಳಲ್ಲಿ 'ಎಸ್‌ಕ್ಯೂಲೈಟ್ ಫಾರ್ಮ್ಯಾಟ್ 3' ಎಂದು ಬರೆದೇ ಇರುತ್ತದೆ. ಹಾಗಾಗಿ ಫೈಲ್ ಬಗೆಗಳ ಪಟ್ಟಿಯಲ್ಲಿ ಉಳಿದದ್ದನ್ನೆಲ್ಲ ತೆಗೆದು ಎಸ್‌ಕ್ಯೂಲೈಟ್ ಒಂದನ್ನೇ ಬಿಟ್ಟು, ಖಾಲಿ ಜಾಗವನ್ನು ಮಾತ್ರ ಹುಡುಕಲು ಹೇಳಿದೆವು.

ಸಿಕ್ಕ ಫೈಲುಗಳು ಒಂದಲ್ಲ ಎರಡಲ್ಲ. ಫೈರ್‌ಫಾಕ್ಸ್ ಕೂಡ ತನ್ನ ಹಿಸ್ಟರಿ, ಕುಕಿಗಳನ್ನು ಎಸ್‌ಕ್ಯೂಲೈಟ್‌ನಲ್ಲೇ ಇಡುತ್ತದೆ, ಎಲ್ಲವೂ ಎಫ್ ಅಕ್ಷರದ ಮುಂದೆ ಬರೀ ನಂಬರಿನ ಹೆಸರಿನಲ್ಲಿ ಬಂದು ಬಿದ್ದಿದ್ದವು. ದೊಡ್ಡ ಗಾತ್ರದವನ್ನು ಮೊದಲು ಆರಿಸಿ, ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದು, 'ಬ್ಲಾಕ್ಸ್' ಎಂಬ ಕೋಷ್ಟಕ ಇರುವುದನ್ನು ಹುಡುಕಿದೆವು. ಆ ಕೋಷ್ಟಕ ಇದ್ದರೆ ಅದು ಲುವಾಂಟಿಯ ಮ್ಯಾಪ್. ಫೈಲಿನ ತುಂಡುಗಳು ಡಿಸ್ಕಿನಲ್ಲಿ ಅಲ್ಲಲ್ಲಿ ಚದುರಿದ್ದರೆ ಫೋಟೊರೆಕ್‌ಗೆ ಜೋಡಿಸಲು ಸಾಮಾನ್ಯವಾಗಿ ಬರುವುದಿಲ್ಲ, ಆಗ ಡೇಟಾಬೇಸ್ ಮುರಿದಿರುತ್ತದೆ. ಎಸ್‌ಕ್ಯೂಲೈಟ್‌ನ ಆದೇಶ ಸಾಲಿನಲ್ಲಿ 'ರಿಕವರ್' ಎಂಬ ಸೌಲಭ್ಯ ಅಂಥದ್ದರಿಂದಲೂ ಓದಲು ಬರುವಷ್ಟನ್ನು ಹೆಕ್ಕಿ ಹೊಸ ಡೇಟಾಬೇಸ್‌ಗೆ ಹಾಕಿಕೊಡುತ್ತದೆ.

ಫೈಲು ಸಿಕ್ಕ ಮೇಲೂ ಒಂದು ತೊಡಕಿದೆ. ಹಳೆಯ ಲೋಕದಲ್ಲಿದ್ದ ಅದೇ ಆಟ, ಅದೇ ಮಾಡ್‌ಗಳನ್ನು (ಆಟಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ತುಣುಕುಗಳನ್ನು) ಆರಿಸಿ ಹೊಸ ಲೋಕ ಸೃಷ್ಟಿಸಿ, ಆಟ ಮುಚ್ಚಿ, ಅದರ ಮ್ಯಾಪ್ ಫೈಲಿನ ಜಾಗದಲ್ಲಿ ಸಿಕ್ಕಿದ್ದನ್ನು ಅದೇ ಹೆಸರಿಟ್ಟು ಹಾಕಬೇಕು. ಮಾಡ್ ಒಂದು ಕಡಿಮೆಯಾದರೂ ಆ ಬ್ಲಾಕುಗಳು ಗುರುತಿಲ್ಲದ ಚೌಕಗಳಾಗಿ ಕಾಣುತ್ತವೆ. ಲೋಕದ ಬೆಟ್ಟ ಗುಡ್ಡಗಳನ್ನು ನಿರ್ಧರಿಸುವ 'ಸೀಡ್' ಸಂಖ್ಯೆ ಬೇರೊಂದು ಪುಟ್ಟ ಪಠ್ಯ ಫೈಲಿನಲ್ಲಿತ್ತು, ಅದು ಸಿಗಲಿಲ್ಲ. ಮ್ಯಾಪ್‌ನಲ್ಲಿದ್ದ ಜಗತಿ, ಗೋಡೆ, ಎದುರಿನ ನಂದಿ ಮಂಟಪ ಎಲ್ಲ ಇದ್ದಲ್ಲೇ ಸಿಕ್ಕವು. ಆದರೆ ಸೀಡ್ ಬೇರೆಯಾದ್ದರಿಂದ ಅವಳು ಎಂದೂ ಹೋಗಿರದ ದಿಕ್ಕಿನಲ್ಲಿ ನೆಲ ಥಟ್ಟನೆ ಕಡಿದು ಬೇರೆ ಬೆಟ್ಟ ಶುರುವಾಗುತ್ತದೆ. ಅವಳ ಚೀಲದಲ್ಲಿದ್ದ ಸಾಮಾನು ಇನ್ನೊಂದು ಡೇಟಾಬೇಸಿನಲ್ಲಿತ್ತು, ಅದೂ ಹೋಯಿತು.

ಲಿನಕ್ಸ್ ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇದೆಯಲ್ಲ, ಅದು ಕಾಪಾಡುತ್ತದೆ ಎಂದು ಬಹಳ ಮಂದಿ ನಂಬಿರುತ್ತಾರೆ. ಅದು ವ್ಯವಸ್ಥೆಯ ಫೈಲುಗಳನ್ನಷ್ಟೇ ಉಳಿಸುತ್ತದೆ, ನಾವಾಗಿ ಹೇಳದಿದ್ದರೆ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಸೇವ್ ಫೈಲುಗಳೆಲ್ಲ ಇರುವುದು ಅಲ್ಲೇ. ಲುವಾಂಟಿಯದು ಹೋಮ್‌ನಲ್ಲಿ ಚುಕ್ಕೆ ಮೈನ್‌ಟೆಸ್ಟ್ ಫೋಲ್ಡರಿನ 'ವರ್ಲ್ಡ್ಸ್' ಒಳಗೆ, ಸೂಪರ್‌ಟಕ್ಸ್‌ಕಾರ್ಟ್‌ನ ಪ್ರಗತಿ ಚುಕ್ಕೆ ಕಾನ್ಫಿಗ್ ಒಳಗೆ, ಫ್ಲಾಟ್‌ಪ್ಯಾಕ್‌ನಿಂದ ಹಾಕಿದ ಆಟದ್ದು ಸಾಮಾನ್ಯವಾಗಿ ಚುಕ್ಕೆ ವಾರ್ ಒಳಗಿನ ಆ್ಯಪ್ ಫೋಲ್ಡರಿನಲ್ಲಿ. ಆಟ ಮುಚ್ಚಿದ ಮೇಲೆ ಆ ಫೋಲ್ಡರನ್ನು ಪೂರ್ತಿಯಾಗಿ ಪೆನ್‌ಡ್ರೈವ್‌ಗೆ ನಕಲು ಮಾಡಿ. ಆಟ ತೆರೆದಿರುವಾಗ ಮಾಡಿದ ನಕಲಿನಲ್ಲಿ ಡೇಟಾಬೇಸ್ ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿರಬಹುದು.